ಮಧ್ಯಾಹ್ನದ ಸಾಲು

"ಅಕ್ಕೋರ, ನಾ ಮಂದೀನ ಕೇಳೇ ಮಾಡೀನ್ರಿ. ಆದ್ರೂ ಮಾಡಿದ್ದನ್ನ ಯಾಕ ಯಾರೂ ಬಳಸವಲ್ರು?"

ಹುಬ್ಬಳ್ಳಿಯ ಒಂದು ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕೋರ್ಸು ಮುಗಿಯಲು ಒಂದೇ ದಿನ ಉಳಿದಿತ್ತು. ಪಾಠ ಮುಗಿದು ಉಳಿದವರು ಎದ್ದು ಹೋದ ಮೇಲೆ ಚನ್ನವೀರ ನೀಲಾಂಬಿಕಾ ಅಕ್ಕೋರ ಮೇಜಿನ ಮುಂದೆ ನಿಂತು ಹೀಗೆ ಕೇಳಿದ. ಅಕ್ಕೋರು ಮೂವತ್ತು ವರ್ಷ ಬೇಸಾಯದ ಉಪಕರಣ ಮಾಡುವ ಕಾರ್ಖಾನೆಯಲ್ಲಿ ದುಡಿದವರು. ಈಗ ಹೊಸ ವಸ್ತು ಮಾಡಲು ಹೊರಟ ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಏನು ಮಾಡಬೇಕು, ಯಾರಿಗೆ ಮಾಡಬೇಕು, ಏನನ್ನು ಮಾಡದೆ ಬಿಡಬೇಕು, ಈ ಕೋರ್ಸಿನಲ್ಲಿ ಕಲಿಯುವುದು ಇಷ್ಟೇ ಎಂದು ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಇಷ್ಟಕ್ಕೆ ನಾಲ್ಕು ತಿಂಗಳು ಯಾಕೆ ಬೇಕು ಎಂದು ಆ ದಿನ ಚನ್ನವೀರ ಮನಸ್ಸಿನಲ್ಲೇ ನಕ್ಕಿದ್ದ.

ಅವನು ಮಾಡಿದ್ದು ಖಾನಾವಳಿಯ ಅಡುಗೆಮನೆಗೆ ಒಂದು ಕಂಪ್ಯೂಟರ್ ಪರದೆ. ಹೊರಗೆ ಎಷ್ಟು ಮಂದಿ ಊಟಕ್ಕೆ ಕೂತಿದ್ದಾರೆ, ಎಷ್ಟು ರೊಟ್ಟಿ ಬೇಕು, ಯಾವ ಮೇಜಿಗೆ ಮೊದಲು ಹೋಗಬೇಕು ಎಂಬುದೆಲ್ಲ ಒಲೆಯ ಎದುರಿನ ಗೋಡೆಯಲ್ಲಿ ಕಾಣುತ್ತಿತ್ತು. ರೊಟ್ಟಿ ಬಡಿಯುವವರು ಒಂದೊಂದು ತಟ್ಟೆ ಹೋದಂತೆ ಪರದೆಯನ್ನು ಮುಟ್ಟಿ ತಿಳಿಸಬೇಕು. ಇಪ್ಪತ್ತೆರಡು ಖಾನಾವಳಿಗಳ ಮಾಲೀಕರನ್ನು ಅವನು ಕೇಳಿದ್ದ. ಇಪ್ಪತ್ತೆರಡು ಮಂದಿಯೂ ಭೇಷ್ ಅಂದಿದ್ದರು. ಆರು ಕಡೆ ಹಾಕಿದ. ಮೂರನೆಯ ದಿನ ಹೋಗಿ ನೋಡಿದರೆ ಆರು ಕಡೆಯೂ ರೊಟ್ಟಿ ಬಡಿಯುವವರು ಪರದೆಯ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು.

ಜೊತೆಗಿದ್ದ ಗೆಳೆಯರಿಬ್ಬರು ಕೈತೊಳೆದುಕೊಂಡು ಹೋದರು. ಚನ್ನವೀರ ಬಿಡಲಿಲ್ಲ. ಮುಂದಿನ ಒಂದು ವರ್ಷ ಏನು ಮಾಡುತ್ತೀರಿ ಎಂದು ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಬರೆದು ನಾಳೆ ಕೊಡಬೇಕಿತ್ತು. ಅವನ ಹಾಳೆ ಆಗಲೇ ತುಂಬಿತ್ತು. ಪರದೆಯನ್ನು ಇನ್ನೂ ದೊಡ್ಡದು ಮಾಡುವುದು, ಗಂಟೆ ಕೂಡಿಸುವುದು, ರೊಟ್ಟಿ ಬಡಿಯುವ ಹೆಂಗಸರಿಗೆ ತರಬೇತಿ ಕೊಡುವುದು. ಒಂದು ವರ್ಷವನ್ನು ಪೂರ್ತಿ ಇದಕ್ಕೇ ಕೊಡುತ್ತೇನೆಂದು ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಅಕ್ಕೋರು ಹೂಂ ಅಂದರೆ ಸಾಕಿತ್ತು.

ಅಕ್ಕೋರು ಹಾಳೆಯನ್ನು ಓದಿದರು. ಹಾಳೆಯನ್ನು ಹಿಂದಕ್ಕೆ ಕೊಟ್ಟು, "ಕುಂದರು," ಎಂದರು. ಆಮೇಲೆ ಈ ಕತೆ ಹೇಳಿದರು.

ಎರೆಮಣ್ಣಿನ ಸೀಮೆಯ ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದ. ಊರಿನ ಹನ್ನೆರಡು ಮನೆಗಳಿಗೆ ಅವನೇ ಕೂರಿಗೆ ಮಾಡಿಕೊಡುತ್ತಿದ್ದ. ಅವನ ಅಪ್ಪನೂ ಅದೇ ಹನ್ನೆರಡು ಮನೆಗಳಿಗೆ ಮಾಡಿದವನು. ಸುಗ್ಗಿಯಲ್ಲಿ ಆ ಮನೆಗಳಿಂದ ಬರುವ ಕಾಳೇ ಅವನ ವರ್ಷದ ಅನ್ನ.

ಕೂರಿಗೆ ಎಂದರೆ ಬಿತ್ತುವ ಸಾಧನ. ಕೆಳಗೆ ನಾಲ್ಕು ಮೊನೆಗಳು ನೆಲವನ್ನು ಸೀಳುತ್ತ ಹೋಗುತ್ತವೆ. ಮೇಲೆ ಒಂದು ಮರದ ಬಟ್ಟಲು. ಬಟ್ಟಲಿನ ನಾಲ್ಕು ತೂತುಗಳಿಂದ ನಾಲ್ಕು ಬಿದಿರ ಕೊಳವೆಗಳು ಮೊನೆಗಳಿಗೆ ಇಳಿದಿರುತ್ತವೆ. ಗಂಡಸು ಎತ್ತು ಹೊಡೆಯುತ್ತಾನೆ. ಹೆಂಗಸು ಉಡಿಯಲ್ಲಿ ಜೋಳ ಕಟ್ಟಿಕೊಂಡು ಹಿಂದೆ ನಡೆಯುತ್ತ, ಬೆರಳ ಸಂದಿಯಿಂದ ಬಟ್ಟಲಿಗೆ ಕಾಳು ಬಿಡುತ್ತಾಳೆ. ಆ ಊರಿನಲ್ಲಿ ಗಂಡಸು ಉಡಿ ಕಟ್ಟಿದ್ದಿಲ್ಲ, ಹೆಂಗಸು ಎತ್ತು ಹೊಡೆದದ್ದಿಲ್ಲ. ಯಾಕೆ ಎಂದು ಕೇಳಿದವರೂ ಇಲ್ಲ.

ಒಂದು ದಿನ ಒಬ್ಬ ರೈತ ಬಡಗಿಯ ಹತ್ತಿರ ಬಂದ.

"ಮುಂಜಾನಿ ಸಾಲು ಚೆಂದ ಬರ್ತಾವು," ಎಂದ. "ಮಧ್ಯಾಹ್ನದ ಸಾಲು ನೋಡು, ಒಂದ ಕಡೆ ಗುಂಪು, ಒಂದ ಕಡೆ ಬೋಳು. ಬುತ್ತಿ ಉಂಡ ಮ್ಯಾಲ ನಮ್ಮಾಕಿ ಲಕ್ಷ್ಯ ಎಲ್ಲಿರತೈತೋ ಏನೋ. ಕೈಯಾ ಬ್ಯಾಡ, ತಾನ ಕಾಳ ಬಿಡೂವಂಥಾ ಕೂರಿಗಿ ಮಾಡಿಕೊಡು."

ಬಡಗಿ ದುಡುಕುವವನಲ್ಲ. ಉಳಿದ ಹನ್ನೊಂದು ಮನೆಗಳಿಗೂ ಹೋಗಿ ಕೇಳಿದ. ಎಲ್ಲ ರೈತರೂ ಅದನ್ನೇ ಹೇಳಿದರು. ಮಧ್ಯಾಹ್ನದ ಸಾಲು ಕೆಡುತ್ತದೆ, ಹೆಂಗಸರಿಗೆ ಲಕ್ಷ್ಯವಿಲ್ಲ. ಹನ್ನೆರಡು ಬಾಯಲ್ಲಿ ಒಂದೇ ಮಾತು ಬಂದರೆ ಇನ್ನು ಅನುಮಾನ ಪಡುವುದಕ್ಕೆ ಏನಿದೆ? ಬಡಗಿ ಕೆಲಸಕ್ಕೆ ಕೂತ. ಮೂರು ತಿಂಗಳು ಊಟ ನಿದ್ದೆ ಮರೆತು, ಬಟ್ಟಲಿನ ಜಾಗದಲ್ಲಿ ಒಂದು ಮುಚ್ಚಳದ ಪೆಟ್ಟಿಗೆ ಕೂರಿಸಿದ. ಒಳಗೊಂದು ಚಕ್ರ. ಕೂರಿಗೆ ಮುಂದೆ ಹೋದಂತೆ ಚಕ್ರ ತಿರುಗಿ ಕಾಳು ತಾನಾಗಿ ಇಳಿಯಬೇಕು. ಅಂಗಳದಲ್ಲಿ ಎಳೆದು ತೋರಿಸಿದಾಗ ರೈತರು ಬೆನ್ನು ತಟ್ಟಿದರು. ಬಡಗಿ ಮೀಸೆಯ ಮೇಲೆ ಕೈಯಿಟ್ಟು, ಬರುವ ವರ್ಷ ಹನ್ನೆರಡೂ ಮನೆಗಳಿಗೆ ಇದೇ ಎಂದುಬಿಟ್ಟ.

ಹಿಂಗಾರಿಗೆ ಆ ರೈತ ಅದರಲ್ಲಿ ಬಿತ್ತಿದ. ಹೆಂಡತಿಯನ್ನು ಮನೆಯಲ್ಲೇ ಬಿಟ್ಟು ತಾನೊಬ್ಬನೇ ಎತ್ತು ಹೊಡೆದುಕೊಂಡು ಹೋದ. ಏಳನೆಯ ದಿನ ಮೊಳಕೆ ಬಂತು. ನೋಡಿದರೆ ನಾಲ್ಕರಲ್ಲಿ ಒಂದು ಸಾಲು ಹೊಲದ ಈ ಬದುವಿನಿಂದ ಆ ಬದುವಿನ ತನಕ ಖಾಲಿ. ಒಂದು ಕೊಳವೆಯ ಬಾಯಿಗೆ ಹಸಿ ಮಣ್ಣು ಮೆತ್ತಿಕೊಂಡಿತ್ತು. ಪೆಟ್ಟಿಗೆಗೆ ಮುಚ್ಚಳ, ರೈತನ ಕಣ್ಣು ಎತ್ತಿನ ಮೇಲೆ. ಕಾಳು ಇಳಿಯುತ್ತಿಲ್ಲ ಎಂದು ಯಾರಿಗೂ ತಿಳಿಯಲಿಲ್ಲ.

ಬಿತ್ತನೆಯ ಕಾಲ ಬರುವುದು ವರ್ಷಕ್ಕೊಮ್ಮೆ. ನೆಲದ ಹದ ಎಂಟು ದಿನ ಇದ್ದರೆ ಹೆಚ್ಚು. ಸಂಜೆ ತಿದ್ದಿ ಬೆಳಿಗ್ಗೆ ಹೊಸದು ಬಿಡುವ ನಿಮ್ಮ ಸುಖ ಆ ಬಡಗಿಗೆ ಇರಲಿಲ್ಲ. ಒಂದು ತಪ್ಪು ತಿದ್ದಲು ಅವನು ಒಂದು ವರ್ಷ ಕಾಯಬೇಕಿತ್ತು. ಕಾದ. ಏನು ಮಾಡಲಿ ಎಂದು ಮತ್ತೆ ರೈತನನ್ನೇ ಕೇಳಿದ. "ಪೆಟ್ಟಿಗಿ ಸಣ್ಣದಾತು, ದೊಡ್ಡದ ಮಾಡು," ಎಂದ ರೈತ. ಬಡಗಿ ದೊಡ್ಡದು ಮಾಡಿದ. ಕಾಳು ಕದಡಲಿ ಎಂದು ಒಳಗೊಂದು ಕಡ್ಡಿಯನ್ನೂ ಕೂಡಿಸಿದ. ಎರಡನೆಯ ವರ್ಷ ಎತ್ತುಗಳು ಬೇಗ ದಣಿದವು, ಮತ್ತು ಎರಡು ಸಾಲು ಖಾಲಿ ಬಂದವು.

ಇಲ್ಲಿ ಚನ್ನವೀರ ತನ್ನ ಹಾಳೆಯನ್ನು ಮಡಚಿ ಕೈಯಲ್ಲಿ ಹಿಡಿದುಕೊಂಡ. ಅಕ್ಕೋರು ಅದನ್ನು ನೋಡಿ ಕತೆ ಮುಂದುವರಿಸಿದರು.

ಬೇರೆ ಯಾರಾದರೂ ಆಗಿದ್ದರೆ ಕೈಬಿಡುತ್ತಿದ್ದರು. ಬಡಗಿ ಹಟಮಾರಿ. ತಲೆ ಕೆಡಿಸಿಕೊಂಡು ಕೂತ. ಮಣ್ಣು ಹೊಸದಲ್ಲ, ಕೊಳವೆ ಹೊಸದಲ್ಲ. ಅಪ್ಪನ ಕಾಲದಲ್ಲೂ ಕೊಳವೆಗೆ ಮಣ್ಣು ಮೆತ್ತಿಕೊಂಡಿರಲೇಬೇಕು. ಆಗ ಸಾಲು ಯಾಕೆ ಖಾಲಿ ಬರಲಿಲ್ಲ? ಈ ಪ್ರಶ್ನೆ ಅವನಿಗೆ ಹೊಳೆಯಲು ಎರಡು ವರ್ಷ ಹಿಡಿಯಿತು. ಎರಡು ವರ್ಷ ಅವನು ಪೆಟ್ಟಿಗೆಯನ್ನಷ್ಟೇ ನೋಡಿದ್ದ. ಪೆಟ್ಟಿಗೆ ಬರುವ ಮುಂಚೆ ಅಲ್ಲಿ ಒಂದು ಕೈ ಇತ್ತು ಎಂಬುದು ಅವನ ನೆನಪಿಗೇ ಬಂದಿರಲಿಲ್ಲ.

ರೈತನ ಹೆಂಡತಿ ಹಿತ್ತಲಲ್ಲಿ ಜೋಳ ಕೇರುತ್ತಿದ್ದಳು. ಬಡಗಿ ಹೋಗಿ ಕೇಳಿದ.

"ಅವ್ವಾರ, ಕೊಳವಿಗೆ ಮಣ್ಣ ಸಿಕ್ರ ನಿಮಗ ಹೆಂಗ ಗೊತ್ತಾಗತಿತ್ತು?"

"ಹೆಂಗ ಅಂದ್ರ ಏನ ಹೇಳ್ಲೆಪಾ? ಗೊತ್ತಾಗತೈತಿ."

"ಮತ್ತ ಮಧ್ಯಾಹ್ನ ಸಾಲು ಯಾಕ ಕೆಡತಾವು?"

"ಮಧ್ಯಾಹ್ನ ಕೈ ವಜ್ಜಿ ಆಗತಾವು. ಎಲ್ಲಾರಿಗೂ ಆಗತಾವು, ಅದಕ್ಕೇನ ಮಾಡಾಕಾಗತೈತಿ?"

ಅವಳು ಮತ್ತೆ ಮೊರ ಎತ್ತಿಕೊಂಡಳು. ಇಪ್ಪತ್ತು ವರ್ಷ ಮಾಡಿದ ಕೆಲಸವನ್ನು ಒಬ್ಬರಿಗೆ ಬಿಡಿಸಿ ಹೇಳಬೇಕಾದ ಪ್ರಸಂಗ ಅವಳಿಗೆ ಎಂದೂ ಬಂದಿರಲಿಲ್ಲ. ಕೈ ಭಾರವಾಗುವುದು ಬಿಸಿಲಿದ್ದ ಹಾಗೆ, ಇರುವುದೇ ಹಾಗೆ ಎಂದುಕೊಂಡಿದ್ದಳು. ಬಡಗಿ ಬರಿಗೈಯಲ್ಲಿ ಮನೆಗೆ ಬಂದ. ಕೇಳಿ ತಿಳಿಯುವ ದಾರಿ ಅಲ್ಲಿಗೆ ಮುಗಿದಿತ್ತು.

ಮೂರನೆಯ ವರ್ಷ ಬಿತ್ತನೆಯ ದಿನ ಬಡಗಿ ಒಂದು ಕೆಲಸ ಮಾಡಿದ. ರೈತನ ಹೊಲಕ್ಕೆ ಹೋಗಿ, ಪೆಟ್ಟಿಗೆ ತೆಗೆಸಿ ತನ್ನ ಮನೆಗೆ ಕಳಿಸಿ, ಹಳೆಯ ಬಟ್ಟಲನ್ನು ಹಾಕಿಸಿ, ತನ್ನ ಧೋತರದ ಅಂಚಿನಲ್ಲಿ ಕಾಳು ತುಂಬಿ ಉಡಿ ಕಟ್ಟಿಕೊಂಡ. ಊರೇ ಬದುವಿನ ಮೇಲೆ ಬಂದು ನಿಂತಿತು.

"ಬಡಿಗ್ಯಾ ಉಡಿ ಕಟ್ಯಾನೋ! ಅರಿಸಿಣ ಕುಂಕುಮಾನೂ ತರಸ್ರೋ!" ಎಂದು ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಸ್ವಂತ ತಮ್ಮನೇ ಮುಖ ತಿರುಗಿಸಿಕೊಂಡು ಮನೆಗೆ ಹೋದ. ಬಡಗಿಯ ಕಿವಿ ಕೆಂಪಾಯಿತು. ಆದರೂ ಅವನು ಉಡಿ ಬಿಚ್ಚಲಿಲ್ಲ. ಬಟ್ಟಲಿಗೆ ಕೈಯಿಟ್ಟು ನಡೆದ.

ಮೊದಲ ದಿನ ಮಣ್ಣು ಸಿಕ್ಕಿದಾಗೆಲ್ಲ, ಪಕ್ಕದಲ್ಲಿ ನಡೆಯುತ್ತ ಆಗಾಗ ಬಟ್ಟಲಿಗೆ ಬೆರಳಿಟ್ಟು ನೋಡುತ್ತಿದ್ದ ರೈತನ ಹೆಂಡತಿ ಅವನಿಗಿಂತ ಮೊದಲೇ "ಹೋ" ಎಂದು ಕೂಗಿ ಎತ್ತು ನಿಲ್ಲಿಸುತ್ತಿದ್ದಳು. ಎರಡನೆಯ ದಿನ ಅವನ ಬೆರಳಿಗೂ ಹತ್ತಿತು. ತೂತು ಕಾಳನ್ನು ನುಂಗುತ್ತಿದ್ದರೆ ಬೆರಳ ಕೆಳಗೆ ಜಾಗ ಬಿಡುತ್ತದೆ. ಕೊಳವೆ ಕಟ್ಟಿದರೆ ಕಾಳು ಬೆರಳಿಗೆ ತಾಗಿ ನಿಲ್ಲುತ್ತದೆ. ಕಣ್ಣಿಗೆ ಕಾಣುವ ಮೊದಲೇ ತಿಳಿಯುತ್ತದೆ. ಮೂರನೆಯ ದಿನ ಅವನೇ "ಹೋ" ಎಂದು ಕೂಗಿದ. ಕೊಳವೆ ಬಿಚ್ಚಿ ನೋಡಿದರೆ ಮಣ್ಣು. ಬಡಗಿಗೆ ಎಲ್ಲಿಲ್ಲದ ಸಂತೋಷವಾಯಿತು. ಯಾವ ಕೈ ಬೇಡ ಎಂದು ಪೆಟ್ಟಿಗೆ ಮಾಡಿದ್ದನೋ ಆ ಕೈ ಕೂರಿಗೆಯ ಅತಿ ಮುಖ್ಯ ಭಾಗವಾಗಿತ್ತು.

ಆದರೆ ಒಂದು ತೊಡಕು ಉಳಿಯಿತು. ಮೂರೂ ದಿನ ಮಧ್ಯಾಹ್ನವಾಯಿತು, ಬಡಗಿಯ ಕೈ ಭಾರವಾಗಲಿಲ್ಲ. ಅವನು ಬಿತ್ತಿದ ಮಧ್ಯಾಹ್ನದ ಸಾಲಿನಲ್ಲೂ ಕಾಳು ಮುಂಜಾನೆಯಂತೆಯೇ ಸಮನಾಗಿ ಬಿದ್ದಿತು. ರೈತ ತೊಡೆ ತಟ್ಟಿದ.

"ನೋಡಿದ್ಯಾ? ನಾ ಹೇಳಿರಲಿಲ್ಲ? ಕೈ ವಜ್ಜಿ ಗಿಜ್ಜಿ ಏನಿಲ್ಲ, ಎಲ್ಲಾ ಮೈಗಳ್ಳತನ."

ಬಡಗಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಅವಳ ಕೆಲಸವನ್ನು ಅವಳ ಹಾಗೆಯೇ ಮಾಡಿ ನೋಡಿಯಾಯಿತು, ಇನ್ನೇನು ಉಳಿದಿದೆ? ಅಲ್ಲಿಗೆ ಬಿಟ್ಟಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಬಡಗಿ ಬಿಡಲಿಲ್ಲ. ನಾಲ್ಕನೆಯ ದಿನ ಊಟವಾದ ಮೇಲೆ ಉಡಿಯ ಕಾಳನ್ನು ಅವಳಿಗೆ ಕೊಟ್ಟು, "ನೀವ ಬಿತ್ರಿ ಅವ್ವಾರ," ಎಂದು ತಾನು ಪಕ್ಕದಲ್ಲಿ ನಡೆದ. ಕಾಳನ್ನು ನೋಡಲಿಲ್ಲ, ಸಾಲನ್ನೂ ನೋಡಲಿಲ್ಲ. ಅವಳನ್ನು ನೋಡಿದ.

ತಾನು ಬಿತ್ತುವಾಗ ಮೊಳಕೈ ಪಕ್ಕೆಗೆ ಆತುಕೊಂಡಿರುತ್ತಿತ್ತು. ಅವಳ ಮೊಳಕೈ ಭುಜದ ಮಟ್ಟದಲ್ಲಿತ್ತು. ಬಟ್ಟಲು ಅದೇ, ಎತ್ತರ ಅದೇ, ಆದರೆ ಅವಳು ಕುಳ್ಳಿ. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳನ್ನು ಕೈಯೆತ್ತಿ ನಿಲ್ಲಿಸುತ್ತಾರಲ್ಲ, ಹಾಗೆ ಅವಳು ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಕೈಯೆತ್ತಿಕೊಂಡು ನಡೆಯಬೇಕಿತ್ತು. ಮಧ್ಯಾಹ್ನದ ಹೊತ್ತಿಗೆ ಭುಜ ಮರಗಟ್ಟಿ, ಬೆರಳು ಮುಚ್ಚಿಕೊಂಡು, ಕಾಳು ಗುಂಪಾಗಿ ಬೀಳುತ್ತಿತ್ತು.

ಆ ಬಟ್ಟಲಿನ ಎತ್ತರ ಬಂದದ್ದು ಎಲ್ಲಿಂದ? ಕೂರಿಗೆಗೆ ಮರ ಕೊಯ್ಯುವ ಮುನ್ನ ಮಾಡಿಸುವವನ ಮೊಳ ಹಿಡಿಯುವುದು ಆ ಬಡಗಿಗಳ ಪದ್ಧತಿ. ಮೊಳಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಅಂಥ ಎರಡೂವರೆ ಮೊಳದ ಎತ್ತರಕ್ಕೆ ಬಟ್ಟಲು. ರೈತ ತೋಳು ಚಾಚುತ್ತಾನೆ, ಬಡಗಿ ತಲೆಬಾಗಿ ಅಳೆಯುತ್ತಾನೆ. ಅದು ಅವನಿಗೆ ಕೊಡುವ ಮರ್ಯಾದೆ. ಕಾಳು ಕೊಡುವವನ ಮೊಳ, ಕಾಳು ಬಿತ್ತುವವಳ ಭುಜ. ಅಪ್ಪ ಹಾಗೇ ಮಾಡಿದ್ದ, ಅಜ್ಜ ಹಾಗೇ ಮಾಡಿದ್ದ. ಇಪ್ಪತ್ತು ವರ್ಷ ಮಧ್ಯಾಹ್ನದ ಸಾಲನ್ನು ಕೆಡಿಸಿದ್ದು ತನ್ನದೇ ಗರಗಸ ಎಂದು ತಿಳಿದಾಗ ಬಡಗಿಗೆ ಹೊಲದಲ್ಲಿ ನಿಲ್ಲಲಾಗಲಿಲ್ಲ. ಅವಳ ಮುಖ ನೋಡಲು ನಾಚಿ ಮನೆಗೆ ಬಂದುಬಿಟ್ಟ.

ಬಂದವನೇ ಪೆಟ್ಟಿಗೆಯನ್ನು ಒಡೆದು ಒಲೆಗೆ ಹಾಕಿದ. ಮೂರು ವರ್ಷದ ಕೆಲಸ. ಉರಿಯುವಾಗ ಅವನಿಗೆ ಅಳು ಬಂತು.

ಮಾರನೆಯ ವರ್ಷ ಮಳೆಗೆ ಮುಂಚೆ ರೈತ ತನ್ನ ಕೂರಿಗೆಯನ್ನು ರಿಪೇರಿಗೆ ತಂದ.

"ಪೆಟ್ಟಿಗಿ ಎಲ್ಲಿ? ಈ ಸಲ ಸುದ್ದ ಮಾಡಿ ಕೂರಸು."

"ಪೆಟ್ಟಿಗಿ ಸುಟ್ಟೀನ್ರಿ. ಅವ್ವಾರನ್ನ ಕರಕೊಂಡ ಬರ್ರಿ, ಅವರ ಮೊಳ ಹಿಡದು ಬಟ್ಟಲ ಇಳಸಿಕೊಡ್ತೀನಿ."

ಹೆಂಗಸಿನ ಮೊಳ ಹಿಡಿದು ಮರ ಕೊಯ್ದವರು ಆ ಸೀಮೆಯಲ್ಲೇ ಇರಲಿಲ್ಲ. ರೈತನ ಮುಖ ಕಪ್ಪಿಟ್ಟಿತು.

"ಕೇಳಾಂವ ನಾನು. ಕಾಳ ಕೊಡಾಂವ ನಾನು. ನನ್ನ ಹೇಂತಿ ತೋಳ ಅಳಿಯಾಕ ನೀ ಯಾರಲೇ?"

"ನಾ ಬಡಿಗ್ಯಾ ರೀ," ಎಂದ ಬಡಗಿ. "ಬಿತ್ತಾವರ ಅವರು. ಇನ್ನ ಮ್ಯಾಲ ಬಿತ್ತಾವರ ಮೊಳ ಇಲ್ದ ನಾ ಗರಗಸ ಮುಟ್ಟಂಗಿಲ್ಲ."

ರೈತ ಕೂರಿಗೆಯನ್ನು ಅಲ್ಲೇ ಬಿಟ್ಟು ಹೊರಟುಹೋದ. ನೆಟ್ಟಗೆ ಪಕ್ಕದೂರಿನ ಬಡಗಿಯ ಹತ್ತಿರ ಹೋಗಿ, ಮುಚ್ಚಳದ ಪೆಟ್ಟಿಗೆಯಿರುವ ಕೂರಿಗೆ ಬೇಕು ಎಂದು ಹೇಳಿಬಂದ. ಸುದ್ದಿ ಹಬ್ಬಿತು. ಬಡಗಿಗೆ ತಲೆ ಕೆಟ್ಟಿದೆ, ಮೊದಲು ಉಡಿ ಕಟ್ಟಿದ, ಈಗ ಹೆಂಗಸರ ತೋಳು ಅಳೆಯುತ್ತಾನಂತೆ ಎಂದರು. ಒಂದೊಂದಾಗಿ ಏಳು ಮನೆಗಳು ಬಿಟ್ಟುಹೋದವು. ಅಪ್ಪನ ಕಾಲದಿಂದ ಬಂದ ಹನ್ನೆರಡರಲ್ಲಿ ಏಳು. ಉಳಿದ ಐದು ಮನೆಯವರೂ ಕಾದು ನೋಡೋಣ ಎಂದು ಸುಮ್ಮನೆ ಕೂತರು. ಬಡಗಿಯ ಹೆಂಡತಿ ಜೋಳದ ಕಣಜದೊಳಗೆ ಬಗ್ಗಿ ನೋಡಿದಳು, ಮೇಲೆದ್ದು ಗಂಡನ ಮುಖ ನೋಡಿದಳು. "ಗಂಡಸರ ಮೊಳಾನ ಹಿಡೀತೀನಿ ಅಂತ ಒಂದ ಮಾತ ಹೇಳಿದ್ರ ಎಲ್ಲಾರೂ ಹೊಳ್ಳಿ ಬರ್ತಾರು," ಎಂದಳು. ಬಡಗಿ ಆ ಒಂದು ಮಾತು ಹೇಳಲಿಲ್ಲ.

ಒಂದು ದಿನ ಉರಿಬಿಸಿಲಿನಲ್ಲಿ ಬಡಗಿಯ ಚಪ್ಪರದ ಮುಂದೆ ಯಾರೋ ಬಂದು ನಿಂತರು. ರೈತನ ಹೆಂಡತಿ. ಒಬ್ಬಳೇ ಬಂದಿದ್ದಳು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡು, ಬಲಗೈಯನ್ನು ಮುಂದಕ್ಕೆ ಚಾಚಿದಳು.

"ತಗೊ ಅಳತಿ," ಎಂದಳು.

ಬಡಗಿ ಅವಳ ಕೈ ಮುಟ್ಟಲಿಲ್ಲ. ಒಂದು ಜೋಳದ ದಂಟನ್ನು ಕೊಟ್ಟ. ಅವಳು ದಂಟನ್ನು ಮೊಳಕೈಗೆ ಆನಿಸಿ, ನಡುಬೆರಳ ತುದಿಗೆ ಸರಿಯಾಗಿ ಲಟಕ್ಕನೆ ಮುರಿದು ಅವನ ಮುಂದೆ ಇಟ್ಟಳು. ಅಲ್ಲೇ ಬಿದ್ದಿದ್ದ ಅವರ ಮನೆಯ ಕೂರಿಗೆಯನ್ನು ಬಡಗಿ ಎಳೆದುಕೊಂಡ. ದಂಟು ಹಿಡಿದು ಅಳೆದು, ನಾಲ್ಕು ಕೊಳವೆಗಳನ್ನೂ ಗೇಣಿನಷ್ಟು ಕೊಯ್ದು, ಬಟ್ಟಲು ಇಳಿಸಿ ಕೂರಿಸಿದ. ಅಷ್ಟೇ ಕೆಲಸ, ಅರ್ಧ ದಿನದ್ದು. ಅವಳು ಕೂರಿಗೆಯನ್ನು ತಲೆಯ ಮೇಲೆ ಹೊತ್ತು ಊರ ನಡುವಿನ ಬೀದಿಯಲ್ಲೇ ಮನೆಗೆ ಹೋದಳು.

ಮಳೆ ಬಂತು, ನೆಲ ಹದವಾಯಿತು. ಪಕ್ಕದೂರಿನ ಬಡಗಿಯ ಕೂರಿಗೆ ಇನ್ನೂ ಮುಗಿದಿರಲಿಲ್ಲ. ಹದ ಯಾರಿಗೂ ಕಾಯುವುದಿಲ್ಲವಾದ್ದರಿಂದ ರೈತ ಗೊಣಗುತ್ತ ಹಳೆಯ ಕೂರಿಗೆಗೇ ಎತ್ತು ಹೂಡಿದ. ಹೆಂಡತಿ ಉಡಿ ಕಟ್ಟಿ ಹಿಂದೆ ನಡೆದಳು. ಏಳನೆಯ ದಿನ ಮೊಳಕೆ ಬಂತು. ಮುಂಜಾನೆ ಬಿತ್ತಿದ್ದು ಯಾವುದು, ಮಧ್ಯಾಹ್ನ ಬಿತ್ತಿದ್ದು ಯಾವುದು ಎಂದು ಆ ಹೊಲದಲ್ಲಿ ಯಾರಿಗೂ ಗುರುತಿಸಲಾಗಲಿಲ್ಲ.

ಅಕ್ಕೋರು ಇಲ್ಲಿಗೆ ಕತೆ ನಿಲ್ಲಿಸಿ ನೀರು ಕುಡಿದರು.

ಚನ್ನವೀರ ಕುರ್ಚಿಯ ತುದಿಗೆ ಸರಿದು ಕೂತಿದ್ದ. ಬಡಗಿಯ ಹಟ ಅವನಿಗೆ ತುಂಬ ಹಿಡಿಸಿತ್ತು. ಅಷ್ಟೆಲ್ಲ ಅವಮಾನ ನುಂಗಿದವನಿಗೆ ಕೊನೆಗೆ ಏನು ಸಿಕ್ಕಿತು ಎಂದು ತಿಳಿಯದೆ ಎದ್ದು ಹೋಗಲು ಅವನಿಂದಾಗಲಿಲ್ಲ.

"ಆಮ್ಯಾಲ ಏನಾತ್ರಿ ಅಕ್ಕೋರ? ಸಾಲು ನೋಡಿ ರೈತ ಏನಂದ? ಆ ಏಳು ಮನೀಯವರು ಹೊಳ್ಳಿ ಬಂದ್ರೋ ಇಲ್ಲೋ?"

ಅಕ್ಕೋರು ಲೋಟವನ್ನು ಕೆಳಗಿಟ್ಟು, ಅವನ ಕೈಯಲ್ಲಿದ್ದ ಹಾಳೆಯನ್ನು ಬಿಚ್ಚಿ, ರೊಟ್ಟಿ ಬಡಿಯುವ ಹೆಂಗಸರಿಗೆ ತರಬೇತಿ ಎಂಬ ಸಾಲಿನ ಮೇಲೆ ಬೆರಳಿಟ್ಟರು.

"ಇನ್ನೂ ರೈತನ ಮುಖಾನ ನೋಡಾಕತ್ತೀಯಲ್ಲೋ, ಚನ್ನವೀರ."